ರಿಚ್ಪಳ ಮೊಣಕೈ

(ಮೈಸೂರಿನಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಚಿತ್ರವನ್ನು ಒಂದು ನಿಮಿಷ ಸುಮ್ನೆ ನೋಡಿ. ಅಲ್ಲಿಯವರೆಗೆ ನಾನು ಏನೂ ಹೇಳುವುದಿಲ್ಲ.

ನೋಡಿದಿರಾ? ಈಗ ಹೇಳಿ, ಕಣ್ಣು ಮೊದಲು ಎಲ್ಲಿಗೆ ಹೋಯಿತು? ಮುಖಕ್ಕೆ ಅಂತ ಯಾರೂ ಹೇಳುತ್ತಿಲ್ಲ. ಮುಖದಲ್ಲಿ ನಾನು ಜಾಸ್ತಿ ಏನೂ ಬರೆದಿಲ್ಲ. ಕೆನ್ನೆಯದೊಂದು ಗೆರೆ, ಕಣ್ಣಿನ ಗುಳಿಯಲ್ಲಿ ಒಂದಿಷ್ಟು ಕಪ್ಪು, ಅಷ್ಟೆ. ಹಿಂದಿನ ಸಾಲಿನಿಂದ ಯಾರೋ ‘ಮೊಣಕೈ’ ಅಂದರು. ಹೌದು, ಅದೇ. ಈ ಹೆಂಗಸು ಬಲಗೈಯಲ್ಲಿ ಒಂದು ಕೋಲು ಎತ್ತಿ ಹಿಡಿದಿದ್ದಾಳೆ. ಆ ಕೈಗೆ ಇನ್ನು ತನ್ನ ಪಾಡಿಗೆ ತಾನು ನಿಲ್ಲುವ ಶಕ್ತಿ ಇಲ್ಲ. ಅದಕ್ಕೆ ಎಡಗೈಯನ್ನು ಬಲ ಮೊಣಕೈಯ ಕೆಳಗೆ ಕೊಟ್ಟು ಎತ್ತಿಕೊಂಡಿದ್ದಾಳೆ. ಇಡೀ ಚಿತ್ರ ನಿಂತಿರುವುದು ಆ ಒಂದು ಜಾಗದ ಮೇಲೆ. ಅದು ನನಗೆ ಹೇಗೆ ಸಿಕ್ಕಿತು ಅನ್ನುವುದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಇವಳ ಹೆಸರು ರಿಚ್ಪ. ಬೈಬಲ್ಲಿನ ಹೆಂಗಸು. ಈ ಹೆಸರು ಮೊದಲೇ ಕೇಳಿದವರು ಕೈ ಎತ್ತುತ್ತೀರಾ? ಇಬ್ಬರು. ಮರಿಯಾ ಅಂದಿದ್ದರೆ ಎಲ್ಲರೂ ಎತ್ತುತ್ತಿದ್ದಿರಿ. ಏವ, ಮಗ್ದಲದ ಮರಿಯಾ ಅಂದಿದ್ದರೂ ಅರ್ಧ ಸಭೆ ಎತ್ತುತ್ತಿತ್ತು. ರಿಚ್ಪ ಬೈಬಲ್ಲಿನಲ್ಲಿ ಬರುವುದು ಎರಡೇ ಕಡೆ, ಕೆಲವೇ ಸಾಲು. ಅಷ್ಟರಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ.

ನಾನು ಹುಟ್ಟಿದ್ದು ನಂಜನಗೂಡು ಕಡೆಯ ಹಳ್ಳಿಯಲ್ಲಿ. ಚಿತ್ರ ಕಲಿಯಬೇಕು ಅಂತ ಮೈಸೂರಿಗೆ ಬಂದಾಗ ಅಶೋಕ ರಸ್ತೆಯ ಹತ್ತಿರ ಒಂದು ವಠಾರದಲ್ಲಿ ಬಾಡಿಗೆಗೆ ಸೇರಿದೆ. ಮೆಟ್ಟಿಲ ಮೇಲೆ ನಿಂತರೆ ಸಂತ ಫಿಲೋಮಿನಾ ಚರ್ಚಿನ ಎರಡು ಗೋಪುರ ಕಾಣುತ್ತಿದ್ದವು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಚರ್ಚು. ಗೋಪುರ 175 ಅಡಿ ಅನ್ನುತ್ತಾರೆ. ನಮಗೆ ಪರ್ಸ್ಪೆಕ್ಟಿವ್, ಅಂದರೆ ಹತ್ತಿರ ದೂರ ತೋರಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ, ದಿನಾ ಬರೆಯುತ್ತಿದ್ದೆ. ಮನೆ ಓನರ್ ವಯಸ್ಸಾದ ಹೆಂಗಸು, ಎಲ್ಲರೂ ಆಂಟಿ ಅನ್ನುತ್ತಿದ್ದೆವು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಂಜೆಯಾದರೆ, ‘ಸ್ವಲ್ಪ ಓದಿ ಹೇಳಮ್ಮ’ ಅಂತ ಕರೆಯುತ್ತಿದ್ದರು. ಕನ್ನಡ ಬೈಬಲ್ಲು. ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಕಾಫಿ. ಹೀಗೆ ಒಂದು ಸಂಜೆ ಸಮುವೇಲನ ಎರಡನೆಯ ಪುಸ್ತಕದ 21ನೇ ಅಧ್ಯಾಯ ಬಂತು.

ಕತೆ ಹೇಳುತ್ತೇನೆ, ಚಿತ್ರಕ್ಕೆ ಬೇಕು.

ದಾವೀದ ರಾಜನ ಕಾಲದಲ್ಲಿ ಮೂರು ವರ್ಷ ಒಂದೇ ಸಮ ಬರ. ಯಾಕೆ ಅಂತ ರಾಜ ದೇವರನ್ನು ಕೇಳಿದ. ಹಿಂದಿನ ರಾಜ ಸೌಲ ಗಿಬ್ಯೋನ್ಯರನ್ನು, ಅಂದರೆ ಗಿಬ್ಯೋನ್ ಊರಿನ ಜನರನ್ನು, ಕೊಂದಿದ್ದ, ಆ ರಕ್ತದ ಪಾಪ ಇನ್ನೂ ಇದೆ ಅಂತ ಉತ್ತರ ಬಂತು. ಏನು ಕೊಟ್ಟರೆ ಸಮಾಧಾನ ಅಂತ ಗಿಬ್ಯೋನ್ಯರನ್ನು ಕೇಳಿದರೆ, ಬೆಳ್ಳಿ ಬಂಗಾರ ಬೇಡ, ಸೌಲನ ವಂಶದ ಏಳು ಗಂಡಸರನ್ನು ಕೊಡಿ ಅಂದರು. ದಾವೀದ ಕೊಟ್ಟ. ಏಳರಲ್ಲಿ ಐದು ಜನ ಸೌಲನ ಮಗಳ ಮಕ್ಕಳು. ಇಬ್ಬರು ರಿಚ್ಪಳ ಮಕ್ಕಳು. ರಿಚ್ಪ ಸೌಲನ ಉಪಪತ್ನಿ. ಸೌಲ ಸತ್ತು ಎಷ್ಟೋ ಕಾಲವಾಗಿತ್ತು, ಅವಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಏಳೂ ಜನರನ್ನು ಬೆಟ್ಟದ ಮೇಲೆ ಒಟ್ಟಿಗೆ ಕೊಂದು ತೂಗುಹಾಕಿದರು. ಜವೆಗೋಧಿ ಕೊಯ್ಲು ಆಗ ತಾನೇ ಶುರುವಾಗಿತ್ತು.

ಹೆಣಗಳನ್ನು ಇಳಿಸಲಿಲ್ಲ. ತೂಗುಹಾಕಿದ ಹೆಣವನ್ನು ರಾತ್ರಿಯಿಡೀ ಬಿಡಬಾರದು, ಅದೇ ದಿನ ಮಣ್ಣು ಮಾಡಬೇಕು ಅಂತ ಅವರದೇ ಧರ್ಮಶಾಸ್ತ್ರದಲ್ಲಿದೆ. ಧರ್ಮೋಪದೇಶಕಾಂಡ, ಅದೂ 21ನೇ ಅಧ್ಯಾಯವೇ. ಆದರೂ ಇಳಿಸಲಿಲ್ಲ.

ಆಗ ಈ ಹೆಂಗಸು ಬಂದಳು. ಒಂದು ಗೋಣಿತಟ್ಟು ತಂದು ಬಂಡೆಯ ಮೇಲೆ ಹಾಸಿದಳು. ಕೊಯ್ಲಿನ ಶುರುವಿನಿಂದ ಹಿಡಿದು ಆಕಾಶದಿಂದ ಮಳೆ ಬೀಳುವವರೆಗೆ ಅಲ್ಲೇ ಇದ್ದಳು. ಹಗಲು ಹಕ್ಕಿ ಕೂರದ ಹಾಗೆ, ರಾತ್ರಿ ಕಾಡುಮೃಗ ಬರದ ಹಾಗೆ ಕಾಯ್ದಳು.

ನಾನು ‘ಗೋಣಿತಟ್ಟು’ ಅನ್ನುವಲ್ಲಿ ನಿಂತುಬಿಟ್ಟೆ. ಅದುವರೆಗೆ ಓದಿದ್ದೆಲ್ಲ ಬೇರೆ ದೇಶದ, ಬೇರೆ ಕಾಲದ ಕತೆ. ಈ ಒಂದು ಮಾತು ನಮ್ಮ ಮನೆ ಹಿತ್ತಲದ್ದು. ನಮ್ಮ ಹೊಲದ ಬದುವಿನಲ್ಲಿ ಮಡಿಸಿಟ್ಟಿರುತ್ತಿದ್ದ ಗೋಣಿತಾಟು ಕಣ್ಣ ಮುಂದೆ ಬಂತು. ಆಂಟಿ ಕಣ್ಣು ತೆರೆದು, ‘ಯಾಕಮ್ಮ, ನಿಲ್ಲಿಸಿಬಿಟ್ಟೆ?’ ಅಂದರು.

ಕಾಲದ ಲೆಕ್ಕ ನೋಡಿ. ಆ ಸೀಮೆಯಲ್ಲಿ ಜವೆಗೋಧಿ ಕೊಯ್ಲು ಏಪ್ರಿಲ್ ಸುಮಾರಿಗೆ. ಬೇಸಿಗೆ ಮುಗಿದು ಮಳೆ ಬರುವುದು ಅಕ್ಟೋಬರ್ ಹೊತ್ತಿಗೆ. ಹಾಗೆ ತೆಗೆದುಕೊಂಡರೆ ಐದಾರು ತಿಂಗಳು. ಇನ್ನೊಂದು ವಿಷಯ, ಅಲ್ಲಿದ್ದ ಏಳು ಹೆಣದಲ್ಲಿ ಅವಳ ಮಕ್ಕಳು ಎರಡೇ. ಹಕ್ಕಿ ಓಡಿಸುವಾಗ ಇದು ನನ್ನ ಮಗ, ಇದು ಅವಳ ಮಗ ಅಂತ ನೋಡುವುದಕ್ಕಾಗುತ್ತದಾ? ಏಳನ್ನೂ ಕಾಯ್ದಳು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಸತ್ತ ಮಗನ ಮುಂದೆ ತಾಯಿ ಅನ್ನುವ ಚಿತ್ರ ನಮಗೆ ಹೊಸದೇನಲ್ಲ. ಹರಿಶ್ಚಂದ್ರನ ಕತೆಯ ಚಂದ್ರಮತಿ ಇದ್ದಾಳೆ. ನಮ್ಮೂರ ನಾಟಕದಲ್ಲಿ ಸ್ಮಶಾನದ ಸೀನು ಬಂದರೆ ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಕೇಳುತ್ತಿತ್ತು. ಲೋಹಿತಾಶ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಹಾಡಿ ಹಾಡಿ ಅಳುತ್ತಾಳೆ. ಕುರುಕ್ಷೇತ್ರದಲ್ಲಿ ಗಾಂಧಾರಿ ಅಳುತ್ತಾಳೆ, ಕೃಷ್ಣನಿಗೆ ಶಾಪವನ್ನೂ ಕೊಡುತ್ತಾಳೆ. ನಮ್ಮ ತಾಯಂದಿರಿಗೆ ಮಾತಿದೆ, ಹಾಡಿದೆ. ನಾನು ಬೆಳೆದಿದ್ದು ಅದನ್ನು ನೋಡಿಕೊಂಡು, ಕೇಳಿಕೊಂಡು. ಹಾಗಾಗಿ ರಿಚ್ಪಳನ್ನು ಬರೆಯಲು ಕೂತಾಗ ನನ್ನ ಕೈಗೆ ಮೊದಲು ಬಂದವಳು ಚಂದ್ರಮತಿಯೇ.

ಆ ಮೊದಲ ಚಿತ್ರ ತಂದಿಲ್ಲ, ತೋರಿಸುವಂಥದ್ದೂ ಅಲ್ಲ. ಹೇಗಿತ್ತು ಹೇಳುತ್ತೇನೆ. ಬಂಡೆಯ ಮೇಲೆ ಕೂತ ಹೆಂಗಸು. ಬಿಚ್ಚಿದ ಕೂದಲು. ತಲೆ ಸ್ವಲ್ಪ ವಾರೆ. ಬಾಯಿ ಅರ್ಧ ತೆರೆದಿದೆ. ಕಣ್ಣಲ್ಲಿ ನೀರು. ಆ ನೀರಿನ ಹನಿಗೆ ನಾನು ಒಂದು ಗಂಟೆ ಖರ್ಚು ಮಾಡಿದ್ದೆ, ಪುಟ್ಟ ಹೊಳಪು, ಅದರ ಕೆಳಗೆ ಪುಟ್ಟ ನೆರಳು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ನನಗೂ ಹಾಗೇ ಅನ್ನಿಸಿತ್ತು.

ಹಬ್ಬಕ್ಕೆ ಊರಿಗೆ ಹೋದಾಗ ಅದನ್ನು ಸುತ್ತಿಕೊಂಡು ಹೋಗಿ ಅವ್ವನಿಗೆ ತೋರಿಸಿದೆ. ಕತೆ ಹೇಳಿದೆ. ಅವ್ವ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕೇರುವುದು ನಿಲ್ಲಿಸಿ ಚಿತ್ರವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಹೇಳಿದಳು, ‘ಅಲ್ಲ ಕಣವ್ವ, ಕಾಯೋಳು ಅಳ್ತಾ ಕೂತ್ಕಂಡ್ರೆ ಆಯ್ತದಾ? ಕಣ್ಣು ಮಂಜಾಯ್ತದೆ. ಹಕ್ಕಿ ಕಾಣಾಕಿಲ್ಲ.’

ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು.

ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಅವ್ವ ಹೇಳಿದ್ದು ಕಲೆಯ ವಿಮರ್ಶೆ ಅಲ್ಲ, ಅವಳಿಗೆ ಗೊತ್ತಿರುವ ಕೆಲಸದ ಮಾತು. ಜೋಳ ತೆನೆ ಕಟ್ಟಿದ ಮೇಲೆ ಹೊಲ ಕಾಯಬೇಕು. ಗಿಳಿ ಬರುತ್ತವೆ, ಗುಬ್ಬಿ ಬರುತ್ತವೆ, ಅದೂ ಬೆಳಿಗ್ಗೆ ಬೆಳಕು ಹರಿಯುವಾಗ ಮತ್ತು ಸಂಜೆ. ನಾನು ಸಣ್ಣವಳಿದ್ದಾಗ ಅವ್ವನ ಜೊತೆ ಹೋಗಿದ್ದೇನೆ. ಹೊಲದ ಮಧ್ಯೆ ನಾಲ್ಕು ಕಂಬದ ಒಂದು ಅಟ್ಟಣೆ. ಅದರ ಮೇಲೆ ಗೋಣಿತಾಟು. ಒಂದು ಕವಣೆ, ಒಂದು ಗುಡ್ಡೆ ಸಣ್ಣ ಕಲ್ಲು. ಹೊಲದ ಆ ಕೊನೆಯಲ್ಲಿ ತಗಡಿನ ಡಬ್ಬ ನೇತುಹಾಕಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಅಟ್ಟಣೆಗೆ ತಂದಿರುತ್ತಿದ್ದರು. ಎಳೆದರೆ ಡಬ್ಬ ಬಡಿದುಕೊಳ್ಳುತ್ತದೆ. ರಾತ್ರಿ ಕಾಡುಹಂದಿ ಕಾಟ. ಆಗ ಅಪ್ಪ ಇರುತ್ತಿದ್ದ. ಅಪ್ಪ ಹೋದ ವರ್ಷ ರಾತ್ರಿಯೂ ಅವ್ವನೇ ಕೂತಳು. ತೂಕಡಿಕೆ ಬರುತ್ತದೆ ಅಂತ ಆ ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಿದ್ದೆಯಲ್ಲಿ ಕಾಲು ಕೊಡವಿದರೂ ಡಬ್ಬ ಸದ್ದು ಮಾಡಲಿ ಅಂತ.

ಅಪ್ಪ ಸತ್ತ ವರ್ಷ ಅದು. ಅವ್ವ ಅತ್ತಿರಲಿಲ್ಲ ಅಂತ ಅಲ್ಲ. ಅಟ್ಟಣೆಯ ಮೇಲೆ ಮಾತ್ರ ಅಳುತ್ತಿರಲಿಲ್ಲ. ಅಲ್ಲಿ ಅವಳ ಕಣ್ಣು ತೆನೆಯ ಮೇಲೆ, ಕಿವಿ ರೆಕ್ಕೆ ಸದ್ದಿನ ಮೇಲೆ. ಅವಳ ದುಃಖ ಎಲ್ಲಿತ್ತು ಅಂತ ಕೇಳಿದರೆ, ಕಲ್ಲು ಬೀಸುವ ಭುಜದಲ್ಲಿತ್ತು ಅನ್ನುತ್ತೇನೆ. ಇದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ಚಿತ್ರ ಬರೆಯುವಾಗ ಅದನ್ನು ಬಿಟ್ಟು, ನಾಟಕದಲ್ಲಿ ನೋಡಿದ್ದನ್ನು ಬರೆದಿದ್ದೆ.

ಈಗ ಎಲ್ಲರೂ ಎದ್ದು ನಿಲ್ಲಿ. ದೊಡ್ಡವರು ಕೂತಲ್ಲೇ ಮಾಡಬಹುದು. ಬಲಗೈಯಲ್ಲಿ ಪೆನ್ನೋ ಕೊಡೆಯೋ ಏನಾದರೂ ಹಿಡಿದುಕೊಳ್ಳಿ. ಹಕ್ಕಿ ಓಡಿಸುವ ಹಾಗೆ ಕೈ ಮೇಲೆತ್ತಿ. ಹಾಗೇ ಇರಲಿ, ನಾನು ಹೇಳುವವರೆಗೆ ಇಳಿಸಬೇಡಿ. ಇಳಿಸದೆ ಪಕ್ಕದವರನ್ನು ನೋಡಿ.

ಮೊದಲ ಅರ್ಧ ನಿಮಿಷ ಎಲ್ಲರೂ ಒಂದೇ ಥರ ಕಾಣುತ್ತೀರಿ. ಕೈ ನೇರ, ಎದೆ ಮುಂದೆ. ಇದು ಪೋಸು. ನಮ್ಮ ತೋಳಿನ ತೂಕ ಮೈತೂಕದ ನೂರಕ್ಕೆ ಐದರಷ್ಟು. 60 ಕೆಜಿ ಇರುವವರಿಗೆ 3 ಕೆಜಿ. ಮೂರು ಕೆಜಿ ಅಕ್ಕಿ ಚೀಲ ಎತ್ತಿ ಹಿಡಿದ ಹಾಗೆ. ಈಗ ನೋಡಿ, ಕಿವಿಯ ಹತ್ತಿರ ಭುಜ ಏರಿತು. ತಲೆ ಆ ಕಡೆಗೆ ವಾಲುತ್ತಿದೆ. ಸೊಂಟ ಎಡಕ್ಕೆ ಸರಿಯುತ್ತಿದೆ, ಎಡಗಾಲಿನ ಮೇಲೆ ಭಾರ ಬಿತ್ತು. ಬಲ ಪಕ್ಕೆ ಹಿಗ್ಗಿತು, ಎಡ ಪಕ್ಕೆ ಮಡಿಚಿತು. ಮುಂದಿನ ಸಾಲಿನಲ್ಲಿ ಈ ತಂಗಿಯ ಮೊಣಕೈ ನಿಧಾನಕ್ಕೆ ಬಾಗುತ್ತಿದೆ. ಆದರೂ ಬೆರಳು ಪೆನ್ನನ್ನು ಮೊದಲಿಗಿಂತ ಗಟ್ಟಿಯಾಗಿ ಹಿಡಿದಿವೆ. ಇದನ್ನು ನೋಡಿ. ಮೇಲಿನ ಅರ್ಧ ಸೋಲುತ್ತಿದ್ದರೂ ಮುಷ್ಟಿ ಬಿಡುತ್ತಿಲ್ಲ.

ಸಾಕು, ಇಳಿಸಿ. ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಆಯಿತು ಅಷ್ಟೆ.

ನಿಮ್ಮಲ್ಲಿ ಯಾರೂ ದುಃಖದ ಮುಖ ಮಾಡಲಿಲ್ಲ. ಆದರೂ ಆ ಕೊನೆಯ ಹೊತ್ತಿನಲ್ಲಿ ನಿಮ್ಮ ಮೈ ನೋಡಿದವರಿಗೆ ಏನೋ ಅನ್ನಿಸಿತು, ಅಲ್ವಾ? ಫಿಗರ್ ಡ್ರಾಯಿಂಗಿನಲ್ಲಿ, ಅಂದರೆ ಮನುಷ್ಯರ ಮೈ ಬರೆಯುವಾಗ, ನಾವು ಭಾವ ಅಂತ ಏನು ಹೇಳುತ್ತೇವೋ, ಅದು ನನಗೆ ಸಿಕ್ಕಿದ್ದು ಇಲ್ಲೇ. ಭಾರ ಎಲ್ಲಿ ಬಿದ್ದಿದೆ, ಅದನ್ನು ಯಾವ ಅಂಗ ಹೊತ್ತಿದೆ, ಯಾವುದು ಸೋತಿದೆ, ಸೋತಿದ್ದಕ್ಕೆ ಯಾವುದು ಆಸರೆ ಕೊಟ್ಟಿದೆ. ಇಷ್ಟು ಸರಿಯಾಗಿ ಬಂದರೆ ಮುಖಕ್ಕೆ ಹೆಚ್ಚು ಕೆಲಸ ಉಳಿಯುವುದಿಲ್ಲ.

ಸೋಮನಾಥಪುರಕ್ಕೆ ಎಲ್ಲರೂ ಹೋಗಿರುತ್ತೀರಿ. ಹದಿಮೂರನೆಯ ಶತಮಾನದ ದೇವಸ್ಥಾನ. ಅಲ್ಲಿಯ ವಿಗ್ರಹಗಳು ಕುತ್ತಿಗೆ, ಸೊಂಟ, ಮಂಡಿ ಹೀಗೆ ಬಳುಕಿ ನಿಲ್ಲುವುದನ್ನು ನೀವೆಲ್ಲ ಕಾಪಿ ಮಾಡಿದ್ದೀರಿ. ಈಗ ನಿಮ್ಮ ಸೊಂಟ ಸರಿದಿದ್ದೂ ಹೆಚ್ಚೂ ಕಡಿಮೆ ಅದೇ ದಿಕ್ಕಿಗೆ. ಆದರೆ ಅಲ್ಲಿ ಬಳುಕು ಚೆಲುವಿಗೆ, ನಿಮ್ಮಲ್ಲಿ ದಣಿವಿಗೆ. ಗೆರೆ ಒಂದೇ ಥರ ಕಂಡರೂ ಒತ್ತು ಬೇರೆ. ಶಿಲ್ಪದ ನಿಲುವಿನಲ್ಲಿ ಗೆರೆ ಮೇಲಿಂದ ಕೆಳಕ್ಕೆ ನೀರಿನ ಹಾಗೆ ಹರಿಯುತ್ತದೆ. ದಣಿದ ಮೈಯಲ್ಲಿ ಅದು ಪಕ್ಕೆಯ ಹತ್ತಿರ, ಮಂಡಿಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲೆಲ್ಲ ಚಾರ್ಕೋಲ್, ಅಂದರೆ ಇದ್ದಿಲ ಕಡ್ಡಿ, ಒತ್ತಬೇಕು.

ಹೆಂಗಸಿನ ಕೆಲಸ ಮಾಡುವ ತೋಳನ್ನು ಬರೆದವರಲ್ಲಿ ನನಗೆ ಗುರು ಅನ್ನಿಸುವವಳು ಆರ್ಟೆಮಿಸಿಯಾ ಜೆಂಟಿಲೆಸ್ಕಿ. 1593ರಲ್ಲಿ ರೋಮಿನಲ್ಲಿ ಹುಟ್ಟಿದವಳು. ಅವಳೂ ಬೈಬಲ್ಲಿನ ಹೆಂಗಸನ್ನೇ ತೆಗೆದುಕೊಂಡಳು, ಯೂದಿತ್. ಯೂದಿತಳ ಪುಸ್ತಕ ಕ್ಯಾಥೊಲಿಕರ ಬೈಬಲ್ಲಿನಲ್ಲಿದೆ, ಪ್ರಾಟೆಸ್ಟೆಂಟರದ್ದರಲ್ಲಿ ಇಲ್ಲ. ನಮ್ಮ ಆಂಟಿಯ ಬೈಬಲ್ಲಿನಲ್ಲಿತ್ತು, ಹಾಗಾಗಿ ಅದನ್ನೂ ಓದಿದ್ದೆ. ತನ್ನ ಊರಿಗೆ ಮುತ್ತಿಗೆ ಹಾಕಿದ ಸೇನಾಪತಿಯ ಡೇರೆಗೆ ಹೋಗಿ, ಅವನು ಕುಡಿದು ಮಲಗಿದಾಗ ಅವನ ತಲೆ ಕಡಿಯುವ ವಿಧವೆಯ ಕತೆ. ಇದನ್ನು ಕ್ಯಾರವಾಜ್ಜೊ ಕೂಡ ಬರೆದಿದ್ದಾನೆ, ದೊಡ್ಡ ಚಿತ್ರಕಾರ. ಆದರೆ ಅವನ ಯೂದಿತ್ ಕತ್ತಿ ಹಿಡಿದೂ ಮೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಾಳೆ. ಮುದುಕಿ ದಾಸಿ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತಿದ್ದಾಳೆ. ಆರ್ಟೆಮಿಸಿಯಾಳ ಚಿತ್ರ ನೋಡಿ. ಯೂದಿತ್ ಬಟ್ಟೆಯ ತೋಳು ಮೇಲೇರಿಸಿದ್ದಾಳೆ. ದಾಸಿ ಚಿಕ್ಕ ವಯಸ್ಸಿನವಳು, ಮೇಲಿಂದ ತನ್ನ ಭಾರವನ್ನೆಲ್ಲ ಹಾಕಿ ಅವನನ್ನು ಅದುಮಿದ್ದಾಳೆ. ಯೂದಿತಳ ಎರಡು ಕೈಯೂ ನೇರ, ಒಂದು ಕೈ ಅವನ ಕೂದಲಲ್ಲಿ, ಇನ್ನೊಂದು ಕತ್ತಿಯಲ್ಲಿ. ಒಳಕಲ್ಲಿನಲ್ಲಿ ಹಿಟ್ಟು ರುಬ್ಬಿದವರ ತೋಳು ಅದು. ಒಂದು ತಲೆ ಕಡಿಯಲು ಎಷ್ಟು ಬಲ ಬೇಕು ಅಂತ ಅವಳು ಲೆಕ್ಕ ಹಾಕಿ ಬರೆದಿದ್ದಾಳೆ ಅನ್ನಿಸುತ್ತದೆ. ಕ್ಯಾರವಾಜ್ಜೊನ ಬೆಳಕು ನನಗೆ ಇಷ್ಟ, ಆದರೆ ಈ ಕತೆಯ ಮಟ್ಟಿಗೆ ಆರ್ಟೆಮಿಸಿಯಾಳದ್ದೇ ಸರಿ.

ದೂರ ಹೋಗುವುದೂ ಬೇಡ, ನಮ್ಮ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ. ತುಂಬ ಜನ ಅದನ್ನು ರವಿವರ್ಮ ಬರೆದಿದ್ದು ಅಂದುಕೊಂಡಿದ್ದಾರೆ. ಅದು ಎಸ್. ಎಲ್. ಹಳದಣಕರ್ ಅವರ ಜಲವರ್ಣ, ಅವರ ಮಗಳೇ ಮಾಡೆಲ್ ಆಗಿ ನಿಂತಿದ್ದು. ಅಲ್ಲಿ ಜನ ನಿಂತು ನೋಡುವುದು ಏನನ್ನು? ದೀಪಕ್ಕೆ ಅಡ್ಡ ಹಿಡಿದ ಅಂಗೈಯನ್ನು, ಬೆರಳ ಸಂದಿಯ ಕೆಂಪು ಬೆಳಕನ್ನು. ಗಾಳಿಗೆ ದೀಪ ಆರದ ಹಾಗೆ ಕಾಯುವ ಕೈ ಅದು. ಅಲ್ಲಿಯೂ ಕಾಯುವ ಕೆಲಸವೇ, ನೋಡಿ.

ಮತ್ತೆ ರಿಚ್ಪಳ ಹತ್ತಿರ ಬರುತ್ತೇನೆ.

ಅವ್ವನ ಮಾತು ಕೇಳಿದ ಮೇಲೆ ಎರಡನೆಯ ಚಿತ್ರ, ಮೂರನೆಯ ಚಿತ್ರ ಅಂತ ಬರೆಯುತ್ತಾ ಹೋದೆ. ಕೈ ಎತ್ತಿ ನಿಂತವಳು, ಕೋಲು ಬೀಸುವವಳು, ಓಡುವವಳು. ಎಲ್ಲದರಲ್ಲೂ ಶಕ್ತಿ ಇತ್ತು. ಆದರೆ ಎಲ್ಲವೂ ಮೊದಲ ದಿನದ ಚಿತ್ರಗಳು. ಅವತ್ತೇ ಬೆಟ್ಟಕ್ಕೆ ಬಂದವಳ ಹಾಗೆ ಇದ್ದಳು. ಐದಾರು ತಿಂಗಳು ಹೇಗೆ ಬರೆಯುವುದು? ಒಂದೇ ಹಾಳೆಯಲ್ಲಿ ಕಾಲ ತೋರಿಸಬೇಕಲ್ಲ. ಕೂದಲು ಕೆದರಿಸಿದೆ, ಬಟ್ಟೆ ಹರಿದೆ, ಮೂಳೆ ಕಾಣಿಸಿದೆ. ಎಲ್ಲ ಹೊರಗಿನ ಅಲಂಕಾರವಾಯಿತು.

ಅದು ಸಿಕ್ಕಿದ್ದು ತುಂಬ ವರ್ಷ ಆದ ಮೇಲೆ. ಅವ್ವ ಈಗ ನನ್ನ ಜೊತೆ ಮೈಸೂರಿನಲ್ಲೇ ಇದ್ದಾಳೆ. ಬಲಭುಜ ಹಿಡಿದುಕೊಂಡುಬಿಟ್ಟಿದೆ, ಕೈ ಮೇಲಕ್ಕೆ ಏಳುವುದಿಲ್ಲ. ಒಂದು ದಿನ ಬೆಳಿಗ್ಗೆ ಬಾಗಿಲ ಹತ್ತಿರ ಬಿಸಿಲಿಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಬಾಚುತ್ತೇನೆ ಅಂದರೆ ಬೇಡ ಅಂತಾಳೆ. ಎಡಗೈಯಿಂದ ಬಲ ಮೊಣಕೈಯನ್ನು ಕೆಳಗಿನಿಂದ ಹಿಡಿದು, ಒಂದು ಕೊಡ ಎತ್ತುವ ಹಾಗೆ ತನ್ನದೇ ಕೈಯನ್ನು ಎತ್ತಿದಳು. ಬಾಚಣಿಗೆ ನೆತ್ತಿ ಮುಟ್ಟಿತು. ಅಲ್ಲಿಂದ ಕೆಳಕ್ಕೆ ಎಳೆದಳು. ಮತ್ತೆ ಎತ್ತಿದಳು. ಎತ್ತುವಾಗ ಎಡಗೈಯ ಹೆಬ್ಬೆರಳು ಮೊಣಕೈಯ ಒಳಗಿನ ಸುಕ್ಕಿನಲ್ಲಿ ಹೂತುಹೋಗುತ್ತಿತ್ತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ತಲೆ ಬಾಚಿಕೊಳ್ಳುವವರ ಮುಖ, ಅಷ್ಟೆ.

ನಾನು ಅಡುಗೆಮನೆಯಲ್ಲಿ ಹಾಲಿಟ್ಟಿದ್ದೆ. ಉಕ್ಕಿ ಹೋಯಿತು. ಕೈಗೆ ಸಿಕ್ಕ ಕ್ಯಾಲೆಂಡರಿನ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದುಕೊಂಡೆ. ಇಲ್ಲಿದೆ, ಆಮೇಲೆ ಹತ್ತಿರ ಬಂದು ನೋಡಿ. ಹನ್ನೆರಡು ಗೆರೆ ಇರಬಹುದು. ಈ ದೊಡ್ಡ ಚಿತ್ರದಲ್ಲಿ ಏನಾದರೂ ಜೀವ ಇದ್ದರೆ ಅದು ಈ ಹನ್ನೆರಡು ಗೆರೆಯಿಂದ ಬಂದಿದ್ದು.

ಇನ್ನು ವಿದ್ಯಾರ್ಥಿಗಳಿಗೆ ಬೇಕಾದ ಕೆಲವು ವಿಷಯ. ಇದು 22ಕ್ಕೆ 30 ಇಂಚಿನ ಹಾಳೆ. ಪೂರ್ತಿ ಚಾರ್ಕೋಲ್. ಹಾಳೆಯನ್ನೆಲ್ಲ ಮೊದಲು ಚಾರ್ಕೋಲ್ ಪುಡಿ ಉಜ್ಜಿ ಬೂದು ಮಾಡಿಕೊಂಡೆ. ಹಿಟ್ಟಿನ ಹಾಗೆ ನಾದುವ ರಬ್ಬರ್ ಬರುತ್ತದಲ್ಲ, ಅದರಿಂದ ಬೆಳಕನ್ನು ಎತ್ತಿದೆ. ಮೊಣಕೈಯ ತುದಿ, ಬಲ ಮುಂಗೈ, ಎಡಗೈಯ ಹೆಬ್ಬೆರಳು, ಈ ಮೂರು ಕಡೆ ಮಾತ್ರ ಹಾಳೆಯ ಬಿಳಿ ಪೂರ್ತಿ ಹೊರಗೆ ಬಂದಿದೆ. ಗೆರೆಗಳನ್ನು ಭುಜದಿಂದ ಎಳೆದೆ, ಮಣಿಕಟ್ಟಿನಿಂದಲ್ಲ. ಬೆನ್ನಿನ ಈ ಉದ್ದ ಗೆರೆ ನಾಲ್ಕು ಸಲ ತಪ್ಪಿತು. ತಪ್ಪಿದ್ದನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ, ನೋಡಿ, ಹಿಂದೆ ಮಸುಕಾಗಿ ಕಾಣುತ್ತವೆ. ಅವು ಇದ್ದುದರಿಂದ ಬೆನ್ನು ಅಲುಗಾಡಿದ ಹಾಗಿದೆ.

ಗೋಣಿತಟ್ಟಿನ ವಿಷಯದಲ್ಲಿ ನಾನು ಒಂದು ತಪ್ಪು ಮಾಡುವುದರಲ್ಲಿದ್ದೆ. ಸೆಣಬಿನ ಗೋಣಿ ಬರೆಯಲು ಹೊರಟಿದ್ದೆ. ಆ ಕಾಲದ ಗೋಣಿತಟ್ಟು ಆಡಿನ ಕೂದಲಲ್ಲಿ ನೇಯ್ದದ್ದು, ಒರಟು, ಸಾಮಾನ್ಯವಾಗಿ ಕಪ್ಪು. ಹಾಗಾದರೆ ನಮ್ಮ ಕಣ್ಣಿಗೆ ಹತ್ತಿರ ಯಾವುದು? ಕರಿ ಕಂಬಳಿ. ಮನೆಯಲ್ಲಿದ್ದ ಹಳೆಯ ಕಂಬಳಿಯನ್ನು ತಾರಸಿಯ ಕಲ್ಲಿನ ಮೇಲೆ ಹಾಸಿ, ಅದು ಎಲ್ಲಿ ಮಡಚುತ್ತದೆ, ಎಲ್ಲಿ ಮಡಚದೆ ಸೆಟೆದು ನಿಲ್ಲುತ್ತದೆ ಅಂತ ನೋಡಿ ಬರೆದೆ. ಸೀರೆಯ ನೆರಿಗೆಗೂ ಕಂಬಳಿಯ ಮಡಿಕೆಗೂ ಏನೇನೂ ಸಂಬಂಧ ಇಲ್ಲ. ಇನ್ನೊಂದು, ಆ ಜನ ದುಃಖದಲ್ಲಿ ಗೋಣಿತಟ್ಟನ್ನು ಮೈಗೆ ಸುತ್ತಿಕೊಳ್ಳುತ್ತಿದ್ದರು. ರಿಚ್ಪ ಅದನ್ನು ನೆಲಕ್ಕೆ ಹಾಸಿಕೊಂಡಳು. ಇಲ್ಲಿ ತುಂಬ ದಿನ ಇರಬೇಕಾಗುತ್ತದೆ ಅಂತ ಅವಳಿಗೆ ಅವತ್ತೇ ಗೊತ್ತಿತ್ತು ಅನ್ನಿಸುತ್ತದೆ.

ಹೆಣ ಎಲ್ಲಿ ಅಂತ ನೀವು ಕೇಳಬೇಕು. ಬರೆದಿಲ್ಲ. ಒಮ್ಮೆ ಬರೆದೆ, ನೋಡಿದವರ ಕಣ್ಣು ಅಲ್ಲಿಗೇ ಹೋಗಿ ಇವಳನ್ನು ಬಿಟ್ಟುಬಿಡುತ್ತಿತ್ತು. ಈಗ ಎಡಗಡೆ ಮೇಲೆ ಏಳು ಉದ್ದನೆಯ ಒರಸು ಇವೆ, ಬೆರಳಿನಿಂದ ಎಳೆದಿದ್ದು. ಏಳೇ ಇರಬೇಕು, ಎರಡಲ್ಲ. ಅದೊಂದನ್ನು ನಾನು ಬಿಡುವ ಹಾಗಿರಲಿಲ್ಲ. ಹಕ್ಕಿಗಳನ್ನೂ ಬರೆದಿಲ್ಲ. ಅವಳ ಕುತ್ತಿಗೆ ತಿರುಗಿದ ರೀತಿಯಲ್ಲೇ ಹಕ್ಕಿ ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗಬೇಕು.

ಕೇಟೆ ಕೊಲ್ವಿಟ್ಸ್ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜರ್ಮನಿಯ ಕಲಾವಿದೆ. 1903ರಲ್ಲಿ ಅವಳು ಸತ್ತ ಮಗುವನ್ನು ತಬ್ಬಿದ ತಾಯಿಯ ಎಚಿಂಗ್ ಮಾಡಿದಳು, ಅಂದರೆ ಲೋಹದ ತಗಡಿನ ಮೇಲೆ ಗೆರೆ ಮೂಡಿಸಿ ಅಚ್ಚು ತೆಗೆದ ಚಿತ್ರ. ತಾಯಿ ಕಾಲು ಮಡಚಿ ನೆಲಕ್ಕೆ ಕೂತಿದ್ದಾಳೆ, ಮುಖವನ್ನು ಮಗುವಿನ ಎದೆಗೆ ಒತ್ತಿದ್ದಾಳೆ. ಮೊಣಕಾಲು ದಪ್ಪ, ಬೆನ್ನು ದಪ್ಪ. ಮಾಡೆಲ್ ಅವಳೇ. ಕನ್ನಡಿ ಮುಂದೆ ಕೂತು, ತನ್ನ ಏಳು ವರ್ಷದ ಮಗ ಪೀಟರನನ್ನು ತೊಡೆಯ ಮೇಲೆ ಹಿಡಿದುಕೊಂಡು ಬರೆದಳು. ಹನ್ನೊಂದು ವರ್ಷದ ಮೇಲೆ, 1914ರ ಅಕ್ಟೋಬರಿನಲ್ಲಿ, ಆ ಪೀಟರ್ ಯುದ್ಧದಲ್ಲಿ ಸತ್ತ. 18 ವರ್ಷ. ಅವನಿಗಾಗಿ ಒಂದು ಸ್ಮಾರಕ ಮಾಡಬೇಕು ಅಂತ ಅವಳು ಹೊರಟಳು. ಅದು ಬೆಲ್ಜಿಯಂನಲ್ಲಿದ್ದ ಜರ್ಮನ್ ಸೈನಿಕರ ಸ್ಮಶಾನ ಸೇರಿದ್ದು 1932ರಲ್ಲಿ. ತಂದೆ ಒಂದು ಕಡೆ, ತಾಯಿ ಒಂದು ಕಡೆ, ಮಂಡಿಯೂರಿ ಕೂತಿದ್ದಾರೆ. ತಂದೆ ತನ್ನ ಎರಡು ಕೈಯಿಂದ ತನ್ನನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಅಲ್ಲೂ ಒಂದು ಕೈ ಇನ್ನೊಂದನ್ನು ಹಿಡಿದಿದೆ. ಸುಮಾರು ಹದಿನೆಂಟು ವರ್ಷ ಅವಳು ಆ ಕೆಲಸ ಕೈಬಿಡಲಿಲ್ಲ.

ಬೈಬಲ್ಲಿನ ಹೆಂಗಸೇ ಯಾಕೆ, ನಮ್ಮಲ್ಲಿ ಇಲ್ಲವಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಇದ್ದಾರೆ, ಆಗಲೇ ಚಂದ್ರಮತಿ, ಗಾಂಧಾರಿ ಅಂದೆ. ಆದರೆ ಅವರಿಗೆ ಈಗಾಗಲೇ ಮಾತಿದೆ, ರಾಗವಿದೆ, ನಮ್ಮ ಕಣ್ಣಲ್ಲಿ ಒಂದು ರೂಪವಿದೆ. ರಿಚ್ಪಳಿಗೆ ಮೈ ಬಿಟ್ಟರೆ ಬೇರೆ ಏನೂ ಇಲ್ಲ. ಡ್ರಾಯಿಂಗಿಗೆ ಬೇಕಾಗುವುದೂ ಅದೇ. ಇನ್ನೊಂದು ಕಾರಣ ನನ್ನ ಸ್ವಂತದ್ದು. ಅವಳನ್ನು ನನಗೆ ಕೊಟ್ಟವರು ಆ ಆಂಟಿ. ಅವತ್ತು ಓದು ಮುಗಿಸಿದ ಮೇಲೆ ಅವರು ತುಂಬ ಹೊತ್ತು ಸುಮ್ಮನಿದ್ದು, ‘ಪಾಪ, ಅಷ್ಟು ದಿನ ಊಟಕ್ಕೆ ಏನು ಮಾಡಿದಳೋ’ ಅಂದರು. ಪುಸ್ತಕದಲ್ಲಿ ಆ ವಿಷಯ ಇಲ್ಲ. ಅದಕ್ಕೇ ಚಿತ್ರದ ಬಲ ಮೂಲೆಯಲ್ಲಿ, ಕಂಬಳಿಯ ಅಂಚಿನಲ್ಲಿ, ಒಂದು ಸಣ್ಣ ಬಟ್ಟೆಗಂಟು ಇದೆ. ಯಾರೋ ತಂದಿಟ್ಟು ಹೋಗಿದ್ದು. ಅದು ಆಂಟಿಗಾಗಿ ಬರೆದಿದ್ದು.

ಕತೆಯ ಕೊನೆ ಹೇಳಲಿಲ್ಲ ನಾನು. ರಿಚ್ಪ ಮಾಡುತ್ತಿರುವುದನ್ನು ಯಾರೋ ಹೋಗಿ ದಾವೀದನಿಗೆ ಹೇಳಿದರು. ರಾಜ ಅವಳನ್ನು ಕರೆಸಲಿಲ್ಲ, ಮಾತಾಡಿಸಲಿಲ್ಲ. ಆದರೆ ಎದ್ದ. ಯಾಬೇಷ್ ಗಿಲ್ಯಾದ್ ಅನ್ನುವ ಊರಿಗೆ ಹೋಗಿ, ಅಲ್ಲಿದ್ದ ಸೌಲನ ಮತ್ತು ಅವನ ಮಗ ಯೋನಾತಾನನ ಎಲುಬುಗಳನ್ನು ತಂದ. ಬೆಟ್ಟದ ಮೇಲಿನ ಏಳು ಜನರ ಎಲುಬುಗಳನ್ನೂ ಕೂಡಿಸಿದರು. ಅವನ್ನು ಅವರ ಮನೆತನದ ಸಮಾಧಿಗೆ ಸೇರಿಸಿದರು. ಪುಸ್ತಕದಲ್ಲಿ ಎಲುಬು ಅಂತಲೇ ಇದೆ. ಅಷ್ಟು ಹೊತ್ತಿಗೆ ಉಳಿದಿದ್ದು ಅದೇ. ಅವಳು ಎಲುಬನ್ನೂ ಕಾಯ್ದಿದ್ದಳು. ಅದಾದ ಮೇಲೆ ದೇವರು ನಾಡಿನ ಪ್ರಾರ್ಥನೆ ಕೇಳಿದ ಅಂತ ಬರುತ್ತದೆ. ರಿಚ್ಪಳ ಹೆಸರು ಮತ್ತೆ ಬರುವುದಿಲ್ಲ. ಅವಳು ಬೆಟ್ಟ ಇಳಿದಳು ಅಂತಲೂ ಇಲ್ಲ, ಕೈ ಇಳಿಸಿದಳು ಅಂತಲೂ ಇಲ್ಲ.

ಆ ಕೈ ಇಳಿಸುವ ಗಳಿಗೆಯನ್ನು ನಾನು ಇನ್ನೂ ಬರೆದಿಲ್ಲ. ಮಳೆಯ ಮೊದಲ ಹನಿ ಮುಂಗೈ ಮೇಲೆ ಬಿದ್ದಿದೆ, ಎಡಗೈ ಮೊಣಕೈಯನ್ನು ಬಿಡುತ್ತಿದೆ. ಅಷ್ಟು ತಿಂಗಳು ಎತ್ತಿದ ಭುಜ ಇಳಿಯುವಾಗ ಹೇಗೆ ಇಳಿಯುತ್ತದೆ? ಒಂದೇ ಸಲಕ್ಕೆ ಬೀಳುತ್ತದಾ, ತಡೆದು ತಡೆದು ಬರುತ್ತದಾ? ಮನೆಯಲ್ಲಿ ನಾಲ್ಕು ಹಾಳೆ ಹಾಳುಮಾಡಿದ್ದೇನೆ.

ನಿಮ್ಮ ಹತ್ತಿರ ಹಾಳೆ ಇದೆ, ಚಾರ್ಕೋಲ್ ಇದೆ. ಕುರ್ಚಿಗಳನ್ನು ಸ್ವಲ್ಪ ಅರ್ಧಚಂದ್ರದ ಹಾಗೆ ತಿರುಗಿಸಿಕೊಳ್ಳಿ. ಆ ಕಿಟಕಿ ತೆಗೆಯಿರಿ, ಬೆಳಕು ಒಂದೇ ಕಡೆಯಿಂದ ಬರಲಿ. ನಾನೇ ಕೋಲು ಹಿಡಿದು ನಿಲ್ಲುತ್ತೇನೆ. ಆಗುವಷ್ಟು ಹೊತ್ತು ಕೈ ಎತ್ತಿರುತ್ತೇನೆ. ಇಳಿಸುವಾಗ ಹೇಳುವುದಿಲ್ಲ, ನೀವು ನೋಡುತ್ತಿರಬೇಕು.